ಕಂಪನಿ ಇದೆ, ಕಾರು ಇಲ್ಲ

ತಿಂಗಳಿಗೆ ಒಂದೆರಡು ಸಲವಾದರೂ ಇಂಥ ಫೋಟೋ ನನ್ನ ವಾಟ್ಸಾಪ್‌ಗೆ ಬರುತ್ತದೆ. ಎರಡು ಬಾಗಿಲಿನ ಪುಟ್ಟ ಕಾರು, ಮೈಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಪಕ್ಕದಲ್ಲಿ ಯಾರದೋ ಮನೆಯ ಸಂಪಿನ ಮುಚ್ಚಳ. ಕೆಳಗೆ ಒಂದು ಸಾಲು: "ಸಾರ್, ಮಹೀಂದ್ರಾ ಎಲೆಕ್ಟ್ರಿಕ್, ತೊಂಬತ್ತು ಸಾವಿರಕ್ಕೆ ಕೊಡ್ತಾರಂತೆ. ತಗೊಳ್ಲಾ?"

ಬೇಡ ಅನ್ನುತ್ತೇನೆ. ಆಗ ಬರುವ ಮಾತೂ ಒಂದೇ. "ಅಷ್ಟು ದೊಡ್ಡ ಕಂಪನಿ ಅಲ್ವಾ ಸಾರ್, ಪಾರ್ಟ್ಸ್ ಸಿಗದೇ ಇರತ್ತಾ?"

ಹಳೇ ಕಾರು ನೋಡಿ, ಓಡಿಸಿ, ಬೆಲೆ ಹೇಳುವುದು ನನ್ನ ಕೆಲಸ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಯಾರು ಕೇಳಿದರೂ ಈ ಬರಹವನ್ನೇ ಕಳಿಸುತ್ತೇನೆ.

ಮಹೀಂದ್ರಾ ಎಲೆಕ್ಟ್ರಿಕ್ ಅಂತ ಮಾರಾಟಕ್ಕೆ ಬರುವ ಈ ಎರಡು ಬಾಗಿಲಿನ ಕಾರುಗಳ ಮೂಲ ರೇವಾ. ಅದು ನಮ್ಮೂರು ಬೆಂಗಳೂರಿನ ಕಾರು. ಮೈನಿ ಕುಟುಂಬ ಅಮೆರಿಕದ ಅಮೆರಿಗಾನ್ ಕಂಪನಿ ಜೊತೆ ಸೇರಿ 1994ರಲ್ಲಿ ಕಂಪನಿ ಶುರು ಮಾಡಿತು. ಈ ಕಾರಿನ ಹಿಂದಿದ್ದ ಚೇತನ್ ಮೈನಿಯವರ ತಾಯಿಯ ಹೆಸರೂ ರೇವಾ. ಕಾರು ರಸ್ತೆಗಿಳಿದಿದ್ದು 2001ರಲ್ಲಿ. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ ಮೈ. ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ. ಲಂಡನ್ನಿನಲ್ಲಿ ಅದೇ ಕಾರು ಜಿ-ವಿಜ್ ಅನ್ನುವ ಹೆಸರಲ್ಲಿ ಓಡಿತು. ಅಲ್ಲಿ ಊರ ನಡುವಿಗೆ ಕಾರು ತಂದರೆ ದುಡ್ಡು ಕಟ್ಟಬೇಕು, ಎಲೆಕ್ಟ್ರಿಕ್ ಆದ್ದರಿಂದ ಇದಕ್ಕೆ ಆಗ ಮಾಫಿ ಇತ್ತು. ಕಾನೂನಿನ ಲೆಕ್ಕದಲ್ಲಿ ಅದು ಯುರೋಪಿನಲ್ಲಿ ಕಾರೇ ಅಲ್ಲ, ಕ್ವಾಡ್ರಿಸೈಕಲ್, ಅಂದರೆ ನಾಲ್ಕು ಚಕ್ರದ ಹಗುರ ಗಾಡಿ. 2007ರ ಡಿಕ್ಕಿ ಪರೀಕ್ಷೆಯೊಂದರಲ್ಲಿ ಹೆಸರನ್ನೂ ಕೆಡಿಸಿಕೊಂಡಿತು. ಹತ್ತು ವರ್ಷದಲ್ಲಿ ಎಲ್ಲ ದೇಶ ಸೇರಿಸಿ ಮಾರಿದ್ದು 4,000ದ ಆಸುಪಾಸು. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

2010ರ ಮೇ ತಿಂಗಳಲ್ಲಿ ಮಹೀಂದ್ರಾ ಇದರ 55.2% ಪಾಲು ಕೊಂಡಿತು. ಎಲ್ಲರಿಗೂ ಖುಷಿ. ಬಡವರ ಮನೆಯ ಹುಡುಗಿಯನ್ನು ದೊಡ್ಡ ಮನೆಗೆ ಕೊಟ್ಟ ಹಾಗೆ, ಇನ್ನು ಚಿಂತೆ ಇಲ್ಲ ಅಂದರು. ಚಿಂತೆ ಇಲ್ಲದಿರಲು ಕಾರಣವೂ ಇತ್ತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರು ತಯಾರಿಸಬಲ್ಲ ಹೊಸ ಕಾರ್ಖಾನೆ ಎದ್ದಿತು. 2013ರ ಮಾರ್ಚ್‌ನಲ್ಲಿ ರೇವಾದ ಮುಂದಿನ ಕಾರು ಇ-ಟು-ಓ ಬಂತು. ಲಿಥಿಯಂ ಬ್ಯಾಟರಿ, ಒಂದು ಚಾರ್ಜ್‌ಗೆ 100 ಕಿ.ಮೀ. ಅಂದರು. ದೆಹಲಿಯಲ್ಲಿ ಬೆಲೆ ಸುಮಾರು 6 ಲಕ್ಷ. ಕೇಂದ್ರ ಸರ್ಕಾರದ ಸಬ್ಸಿಡಿ ಹಿಂದಿನ ವರ್ಷವೇ ಮುಗಿದಿತ್ತು. ಮುಂದಿನದು ಬಂದದ್ದು 2015ರಲ್ಲಿ. ಎರಡು ಬಾಗಿಲಿನ ಕಾರಿಗೆ ಆರು ಲಕ್ಷ ಕೊಡುವ ಬದಲು ನಾಲ್ಕು ಬಾಗಿಲಿನ ಪೆಟ್ರೋಲ್ ಕಾರು ತಗೊಂಡು, ಉಳಿದ ದುಡ್ಡನ್ನು ಬ್ಯಾಂಕಿಗೆ ಹಾಕುತ್ತೇವೆ ಅಂದರು ನಮ್ಮ ಜನ. ತಪ್ಪು ಲೆಕ್ಕ ಏನಲ್ಲ.

ಹೆಸರು ಮಾತ್ರ ಸದ್ದಿಲ್ಲದೆ ಸವೆಯಿತು. 2013ಕ್ಕೆ ಕಾರಿನ ಮೇಲೆ ರೇವಾ ಅನ್ನುವ ಹೆಸರಿಲ್ಲ. ಆದರೂ ಕಂಪನಿಯ ಬೋರ್ಡಿನಲ್ಲಿ 'ಮಹೀಂದ್ರಾ ರೇವಾ' ಅಂತ ಉಳಿದಿತ್ತು. 2016ಕ್ಕೆ ಅಲ್ಲಿಂದಲೂ ಹೋಯಿತು, 'ಮಹೀಂದ್ರಾ ಎಲೆಕ್ಟ್ರಿಕ್' ಆಯಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಇ-ಟು-ಓ ಮಾರಲು ಹೊರಟು, ಮರುವರ್ಷವೇ ವಾಪಸ್ ಬಂದರು. ನಾಲ್ಕು ಬಾಗಿಲಿನ ಇ-ಟು-ಓ ಪ್ಲಸ್ ಕೂಡ ಬಂತು. 2019ರಲ್ಲಿ ಹೊಸ ಸುರಕ್ಷತಾ ನಿಯಮ ಬರುವ ಹೊತ್ತಿಗೆ ಅದೂ ನಿಂತಿತು.

ಇಷ್ಟು ಹೇಳಿದ ಕೂಡಲೇ ಜನ ಇನ್ನೊಂದು ತುದಿಗೆ ಹಾರುತ್ತಾರೆ. "ಹಂಗಾದ್ರೆ ಅವರೇ ಸಾಯಿಸಿದರು ಅನ್ನಿ." ಇದನ್ನೂ ನಾನು ಒಪ್ಪುವುದಿಲ್ಲ. 2010ರಲ್ಲಿ ಯಾರೂ ಕೊಳ್ಳದಿದ್ದರೆ ರೇವಾ ಇನ್ನೂ ಬೇಗ ಮುಗಿಯುತ್ತಿತ್ತೇನೋ. ನನಗೆ ಕಾಣುವುದು ಇಷ್ಟು: ಒಂದು ದೊಡ್ಡ ಕಂಪನಿ ಸಣ್ಣ ಕಂಪನಿಯನ್ನು ಕೊಂಡಾಗ ಅದರ ಕೈಗೆ ಮುಖ್ಯವಾಗಿ ಸಿಗುವುದು ಕೆಲಸ ಬಲ್ಲ ಜನ. ಮೋಟಾರು, ಅದಕ್ಕೆ ಹದವಾಗಿ ಕರೆಂಟು ಕೊಡುವ ಕಂಟ್ರೋಲರ್, ಬ್ಯಾಟರಿ ನಿಭಾಯಿಸುವ ವಿದ್ಯೆ. ಕಾರು ಆ ವಿದ್ಯೆ ಬಂದ ಡಬ್ಬ. 2018ರಲ್ಲಿ ಟ್ರೀಯೋ ಎಲೆಕ್ಟ್ರಿಕ್ ಆಟೋ ಬಂತಲ್ಲ, ಅದು ತಯಾರಾದದ್ದೂ ಬೊಮ್ಮಸಂದ್ರದಲ್ಲೇ. ಕಂಪನಿಯ ಪುಸ್ತಕದಲ್ಲಿ ಆ 2010ರ ವ್ಯಾಪಾರ ನಷ್ಟದ್ದಲ್ಲ ಅಂತಲೇ ನನ್ನ ಅಂದಾಜು. ಡಬ್ಬದಲ್ಲಿರುವುದನ್ನು ತೆಗೆದುಕೊಂಡ ಮೇಲೆ ಡಬ್ಬ ಯಾರಿಗೆ ಬೇಕು?

ಆದರೆ ಸ್ವಾಮಿ, ನೀವು ಕೊಳ್ಳುತ್ತಿರುವುದು ಆ ಡಬ್ಬವನ್ನು.

ಈಗ ಪಾರ್ಟ್ಸ್ ವಿಷಯ. ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಒಂದು ಕಾರಿನ ಹೆಡ್‌ಲೈಟ್ ಸಾಮಾನ್ಯವಾಗಿ ಕಾರಿನ ಕಂಪನಿ ತಾನೇ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸುತ್ತದೆ. ಮಾಡುವವರ ಹತ್ತಿರ ಅದಕ್ಕೊಂದು ಅಚ್ಚು ಇರುತ್ತದೆ. ಅಚ್ಚನ್ನು ಮೆಷಿನ್ನಿಗೆ ಏರಿಸಿ, ಹೊಂದಿಸಿ, ಓಡಿಸಬೇಕಾದರೆ ಸಾವಿರಗಟ್ಟಲೆ ಪೀಸಿನ ಆರ್ಡರ್ ಬೇಕು. ಮೂವತ್ತು ಪೀಸಿಗೆ ಯಾರೂ ಏರಿಸುವುದಿಲ್ಲ. ಬೀದಿಯಲ್ಲಿ ಒಂದೇ ಮನೆ ಇದ್ದರೆ ಹಾಲಿನವನು ಆ ಬೀದಿಗೆ ಬರುತ್ತಾನಾ? ಆ ಮನೆಯ ಯಜಮಾನ ಎಷ್ಟೇ ಶ್ರೀಮಂತನಿರಲಿ, ಬರುವುದಿಲ್ಲ.

ಲಕ್ಷಗಟ್ಟಲೆ ಓಡುವ ಕಾರಿಗಾದರೆ ಕಂಪನಿಯೇ ಬೇಕಿಲ್ಲ. ಜೆ.ಸಿ. ರೋಡಿಗೆ ಹೋಗಿ, ಡೂಪ್ಲಿಕೇಟ್ ಸಿಗುತ್ತದೆ. ಅಲ್ಲಿಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೇದೊಂದು ಸಿಗುತ್ತದೆ. ಗುಜರಿಗೆ ಮಾಲು ಬರಬೇಕಾದರೂ ಮೊದಲು ಅಷ್ಟು ಕಾರು ರಸ್ತೆಯಲ್ಲಿ ಓಡಿರಬೇಕಲ್ಲ. ನಾಲ್ಕು ಸಾವಿರ ಕಾರು, ಅದೂ ಹಲವು ದೇಶಕ್ಕೆ ಹಂಚಿಹೋದದ್ದು! ಟೈರು, ಬಲ್ಬು, ವೈಪರ್ ಥರದ್ದು ಹೇಗೋ ಹೊಂದಿಸಬಹುದು. ಗಾಜು, ಬಾಗಿಲಿನ ಹಿಡಿ, ಕಂಟ್ರೋಲರ್ ಹಾಗಲ್ಲ. ಕಂಪನಿ ಎಷ್ಟು ದೊಡ್ಡದು ಅಂತ ಕೇಳಬೇಡಿ, ಆ ಮಾಡೆಲ್ ಎಷ್ಟು ಮಾರಿದೆ ಅಂತ ಕೇಳಿ.

ಸ್ವೀಡನ್ನಿನ ಕಾರು ಕಂಪನಿ ಸಾಬ್ ಕತೆ ನೋಡಿ. ಜನರಲ್ ಮೋಟಾರ್ಸ್ 1990ರಲ್ಲಿ ಅದರ ಅರ್ಧ ಕೊಂಡಿತು, 2000ದಲ್ಲಿ ಪೂರ್ತಿ. ತಲೆಕೆಟ್ಟ ಇಂಜಿನಿಯರುಗಳ ಕಾರು ಅಂತ ಜನ ಪ್ರೀತಿಸುತ್ತಿದ್ದ ಬ್ರ್ಯಾಂಡು ಅದು. ಸೀಟುಗಳ ನಡುವೆ ಕೀಲಿ ಹಾಕುವ ಕಾರು! ಕೊನೆಕೊನೆಗೆ ಅಮೆರಿಕದಲ್ಲಿ ಜಪಾನಿನ ಸುಬಾರು ಕಾರಿಗೇ ಸಾಬ್ ಮೂತಿ ಅಂಟಿಸಿ ಮಾರಿದರು. 2010ರಲ್ಲಿ ಬೇರೆಯವರಿಗೆ ದಾಟಿಸಿದರು, 2011ರ ಡಿಸೆಂಬರ್‌ನಲ್ಲಿ ಸಾಬ್ ದಿವಾಳಿಯಾಯಿತು. ಇಷ್ಟೆಲ್ಲ ಆದರೂ ಬಿಡಿಭಾಗದ ವ್ಯವಹಾರ ಬೇರೆಯಾಗಿ ಉಳಿದುಕೊಂಡಿತು. ಯಾಕೆ? ಲಕ್ಷಾಂತರ ಸಾಬ್‌ಗಳು ಇನ್ನೂ ಓಡುತ್ತಿದ್ದವು, ಕೊಳ್ಳುವವರಿದ್ದರು. ಅಲ್ಲಿ ಕಂಪನಿ ಸತ್ತು ಕಾರು ಓಡಿತು. ನಮ್ಮಲ್ಲಿ ಉಲ್ಟಾ.

ಬಸವನಗುಡಿಯಲ್ಲಿ ನಿವೃತ್ತ ಮೇಡಂ ಒಬ್ಬರಿದ್ದಾರೆ. ಹಳೇ ರೇವಾ ಇಟ್ಟುಕೊಂಡಿದ್ದಾರೆ. ಗಾಂಧಿ ಬಜಾರಿಗೆ ಹೂ, ತರಕಾರಿ ತರಲು ಅದರಲ್ಲೇ ಹೋಗುತ್ತಿದ್ದರು. ಲಾಕ್‌ಡೌನ್ ಹೊತ್ತಿಗೆ ಆರು ತಿಂಗಳು ಚಾರ್ಜ್ ಮಾಡದೆ ನಿಲ್ಲಿಸಿದರು. ಲೆಡ್ ಆಸಿಡ್ ಬ್ಯಾಟರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಾನು ಹೋಗಿ ನೋಡಿದಾಗ ಎಂಟರಲ್ಲಿ ಒಂದು ಪೂರ್ತಿ ಸತ್ತಿತ್ತು.

"ಒಂದು ಹಾಕಿದ್ರೆ ಸಾಕಲ್ಲಪ್ಪಾ?" ಅಂದರು.

"ಇಲ್ಲಮ್ಮ, ಎಂಟೂ ಒಂದೇ ಸರಪಳಿ. ಏಳು ಮುದುಕರ ಜೊತೆ ಒಬ್ಬ ಹುಡುಗನನ್ನು ಕಟ್ಟಿದರೆ ಅವನೂ ಮುದುಕರ ನಡಿಗೆಯೇ ನಡೀಬೇಕು."

ನಕ್ಕು, ಎಂಟೂ ಹಾಕಿಸಿದರು. ಮಾರಿದರೆ ಬ್ಯಾಟರಿಯ ಅರ್ಧ ದುಡ್ಡೂ ವಾಪಸ್ ಬರುವುದಿಲ್ಲ ಅಂತ ಮೊದಲೇ ಹೇಳಿದ್ದೆ. "ಮಾರೋದು ಯಾರಿಗೆ ಬೇಕು, ಕಾಫಿ ಕುಡೀತೀಯಾ?" ಅಂದರು. ಇಂಥವರಿಗೆ ನಾನು ಯಾವತ್ತೂ ಬೇಡ ಅನ್ನುವುದಿಲ್ಲ. ಅವರಿಗೆ ತಾವು ಏನು ಇಟ್ಟುಕೊಂಡಿದ್ದೇವೆ ಅಂತ ಗೊತ್ತು. ದಿನಾ ಆಫೀಸಿಗೆ ಓಡಾಡಲು ಅಗ್ಗದ ಕಾರು ಹುಡುಕುವವರ ಮಾತು ಬೇರೆ.

ಇ-ಟು-ಓ ಬಗ್ಗೆ ಇನ್ನೂ ಸ್ವಲ್ಪ ಹುಷಾರಾಗಿ ಮಾತಾಡುತ್ತೇನೆ. ಅದರ ಲಿಥಿಯಂ ಪ್ಯಾಕ್ ಕಾರಿನ ಕಂಪ್ಯೂಟರ್ ಜೊತೆ ಮಾತಾಡಿಕೊಂಡೇ ಕೆಲಸ ಮಾಡುತ್ತದೆ. ಗಲ್ಲಿಯಲ್ಲಿ ಯಾರೋ ಸೆಲ್ ಜೋಡಿಸಿ ಕೊಡುತ್ತೇನೆ ಅಂದರೆ ಬೆಂಕಿಯ ಭಯ ಇದೆ, ಇನ್ಶೂರೆನ್ಸ್ ತಕರಾರೂ ಬರಬಹುದು. ಚೆನ್ನಾಗಿ ಓಡುತ್ತಿರುವ ಗಾಡಿಗಳೂ ಇವೆ. ಎದುರಿಗೆ ನೋಡದೆ ನಾನು ಏನೂ ಹೇಳಲಾರೆ.

ಹಾಗಾಗಿ ಸುಮ್ನೆ ಫೋಟೋ ಕಳಿಸಿ ಬೆಲೆ ಕೇಳಬೇಡಿ. ರಾತ್ರಿಯಿಡೀ ಚಾರ್ಜಿಗೆ ಹಾಕಿಸಿ. ಬೆಳಿಗ್ಗೆ ಇಬ್ಬರು ಕೂತು, ಒಂದು ಫ್ಲೈಓವರ್ ಹತ್ತಿಸಿ, ಇಪ್ಪತ್ತು ಕಿ.ಮೀ. ಓಡಿಸಿ. ಮೀಟರಿನಲ್ಲಿ ಎಷ್ಟು ಉಳಿದಿದೆ ಬರೆದುಕೊಳ್ಳಿ. ಆಮೇಲೆ ಫೋನ್ ಮಾಡಿ, ಭಾನುವಾರ ಬಿಟ್ಟು.