ನೋವಿಲ್ಲ, ಆದರೆ ಹೊಟ್ಟೆಯೊಳಗೆ ಏನೋ ಆಡುತ್ತದೆ

"ಡಾಕ್ಟರೇ, ನೋವು ಅಂತ ಏನೂ ಇಲ್ಲ. ಆದರೆ ಇಲ್ಲಿ, ಹೊಕ್ಕುಳಿನ ಕೆಳಗೆ, ಮಗು ಆಡಿದ ಹಾಗೆ ಆಗುತ್ತದೆ."

ಇಷ್ಟು ಹೇಳುವುದಕ್ಕಾಗಿ ಆಕೆ ಜೊತೆಗೆ ಬಂದಿದ್ದ ಅತ್ತೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಒಬ್ಬರೇ ಒಳಗೆ ಬಂದಿದ್ದರು. ವಯಸ್ಸು 42. ಇಬ್ಬರು ಮಕ್ಕಳು, ಎರಡನೆಯ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿತ್ತು. ಹೇಳಿಕೊಂಡರೆ ನಕ್ಕಾರು ಎಂಬ ಸಂಕೋಚ. ಸುಮ್ಮನಿದ್ದರೆ ಒಳಗೆ ಗಡ್ಡೆಯೇನಾದರೂ ಬೆಳೆಯುತ್ತಿದೆಯೋ ಎಂಬ ದಿಗಿಲು. ಒಂದು ತಿಂಗಳು ಹೀಗೇ ಕಳೆದಿದ್ದರು.

ಮೊದಲು ಮೂತ್ರ ಪರೀಕ್ಷೆ ಮಾಡಿಸಿದೆ. ಶಸ್ತ್ರಚಿಕಿತ್ಸೆ ಆದವರಲ್ಲೂ ಅಪರೂಪಕ್ಕೆ ಗರ್ಭ ನಿಲ್ಲುವುದುಂಟು. ಆಕೆಗೆ ಗರ್ಭ ಇರಲಿಲ್ಲ. ಹೊಟ್ಟೆ ಮೆತ್ತಗಿತ್ತು, ಗಂಟು ಯಾವುದೂ ಕೈಗೆ ತಾಗಲಿಲ್ಲ. ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಿದ್ದಾಗ ಗುಳುಗುಳು ಸದ್ದು ಉರುಳಿಕೊಂಡು ಹೋಯಿತು. ಅದೇ ಕ್ಷಣ ಆಕೆ "ಈಗ, ಈಗ ಆಯಿತು" ಎಂದರು. ಸ್ಟೆತಾಸ್ಕೋಪನ್ನು ಅವರ ಕಿವಿಗೇ ಕೊಟ್ಟೆ.

ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ. ಅದು ಹಗಲಿರುಳೂ ಹಿಂಡುತ್ತಲೇ ಇರುತ್ತದೆ. ಬೆರಳಿಗೆ ಮುಳ್ಳು ಚುಚ್ಚಿದರೆ ಜಾಗ ಥಟ್ಟನೆ ತಿಳಿಯುತ್ತದೆ, ಆದರೆ ಹೊಟ್ಟೆಯ ಒಳಗಿನ ಅಂಗಗಳ ವಿಷಯದಲ್ಲಿ ಮಿದುಳಿಗೆ ಅಷ್ಟು ಕರಾರುವಾಕ್ಕಾದ ಲೆಕ್ಕವಿಲ್ಲ. ಕರುಳು, ಗರ್ಭಕೋಶ, ಮೂತ್ರಕೋಶಗಳಿಂದ ಹೊರಟ ನರಗಳು ಬೆನ್ನುಹುರಿಯನ್ನು ಅಕ್ಕಪಕ್ಕದಲ್ಲೇ ಸೇರುತ್ತವೆ. ಹಾಗಾಗಿ ಗಾಳಿಯ ಗುಳ್ಳೆಯೊಂದು ಕರುಳಿನ ತಿರುವಿನಲ್ಲಿ ಸರಿದರೆ, ಹೆತ್ತವರಿಗೆ ಮಗುವಿನ ಕಾಲು ನೆನಪಾಗುತ್ತದೆ. ಇದು ತಿರುಗುಮುರುಗಾಗಿಯೂ ನಡೆಯುತ್ತದೆ. ಚೊಚ್ಚಲ ಬಸುರಿಯರು ನಾಲ್ಕೂವರೆ, ಐದನೆಯ ತಿಂಗಳಲ್ಲಿ ಮಗುವಿನ ಮೊದಲ ಅಲುಗಾಟವನ್ನೇ ಗ್ಯಾಸ್ ಎಂದುಕೊಳ್ಳುತ್ತಾರೆ.

ಅವರೆಕಾಯಿಯ ಕಾಲದಲ್ಲಿ ಈ ದೂರು ನನ್ನ ಬಳಿ ಹೆಚ್ಚಾಗಿ ಬರುತ್ತದೆ. ಕಾಳುಗಳಲ್ಲಿರುವ ಕೆಲವು ಬಗೆಯ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ನಮ್ಮಲ್ಲಿ ಇಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗಿ ಗಾಳಿಯಾಗುತ್ತದೆ. ಕೆಲವರಿಗೆ ಹಾಲೂ ಹೀಗೆಯೇ. ಇನ್ನು ಕಣ್ಣಿನ ರೆಪ್ಪೆ ಅದುರುವ ಹಾಗೆ ಹೊಟ್ಟೆಯ ಹೊರಗೋಡೆಯ ಸ್ನಾಯುವೂ ನಿದ್ದೆಗೆಟ್ಟಾಗ, ದಣಿದಾಗ ಅದುರುವುದುಂಟು. ಅದಕ್ಕೆ ಮದ್ದು ಬೇಡ.

ಹೊಕ್ಕುಳಿನ ಹತ್ತಿರದ ಮಿಡಿತದ ಬಗ್ಗೆ ಒಂದು ಮಾತು. "ಬಟ್ಟಿ ಜಾರಿದೆ", ಅಂದರೆ ಹೊಕ್ಕುಳಿನ ಮಿಡಿತ ಜಾಗ ತಪ್ಪಿದೆ, ಎಂದು ಹೊಟ್ಟೆ ಉಜ್ಜಿಸಿಕೊಂಡು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ಬೆರಳಿಗೆ ಸಿಗುವ ಆ ಮಿಡಿತ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯದು. ಅದು ಬೆನ್ನುಮೂಳೆಯ ಮುಂದೆ, ತುಸು ಎಡಕ್ಕೆ ಇಳಿದು ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಕವಲೊಡೆಯುತ್ತದೆ. ಸಣಕಲು ಮೈಯವರಲ್ಲಿ ಎದ್ದು ಕಾಣುತ್ತದೆ. ಜಾರಿದ್ದು ಏನೂ ಇಲ್ಲ, ದಯವಿಟ್ಟು ಗಟ್ಟಿಯಾಗಿ ಉಜ್ಜಿಸಿಕೊಳ್ಳಬೇಡಿ. ಆದರೆ 65 ದಾಟಿದ, ಬೀಡಿ ಸಿಗರೇಟು ಸೇದಿದ ಗಂಡಸರಲ್ಲಿ ಮಿಡಿತ ಅಗಲವಾಗಿ ಕೈಯನ್ನೇ ಎತ್ತುವಂತಿದ್ದರೆ ಸ್ಕ್ಯಾನಿಂಗ್ ಆಗಲೇಬೇಕು. ಆ ರಕ್ತನಾಳದ ಅಗಲ 3 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದು ಕಾಯಿಲೆ.

ನೋವಿಲ್ಲ ಎಂಬ ಒಂದೇ ಮಾತನ್ನು ನಂಬಿ ಕೂರಬಾರದು ಎಂದು ನನಗೆ ಕಲಿಸಿದವರು ಎಪ್ಪತ್ತರ ಹಿರಿಯರೊಬ್ಬರು. ಮಗ ಕರೆದುಕೊಂಡು ಬಂದಿದ್ದ. "ಏನಿಲ್ಲ ಸ್ವಾಮಿ, ಹೊಟ್ಟೆ ಸ್ವಲ್ಪ ಬಂದಿದೆ, ತುಂಬಿದ ಹಾಗಿರುತ್ತದೆ" ಎಂದರು. ರಾತ್ರಿ ಹಾಸಿಗೆ ಒದ್ದೆಯಾಗುತ್ತದೆ ಎಂಬುದನ್ನು ಮಗ ಬಾಗಿಲ ಬಳಿ ನಿಂತು ಮೆಲ್ಲಗೆ ಹೇಳಿದ. ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿದೆ. ಗಾಳಿ ತುಂಬಿದ ಹೊಟ್ಟೆ ತಮಟೆಯ ಹಾಗೆ ಸದ್ದು ಕೊಡುತ್ತದೆ. ಇವರದು ನೀರು ತುಂಬಿದ ಕೊಡವನ್ನು ತಟ್ಟಿದಂತೆ ಮಂಕಾಗಿತ್ತು, ಕೆಳಗಿನಿಂದ ಹೊಕ್ಕುಳಿನವರೆಗೂ. ನಳಿಕೆ ಹಾಕಿದಾಗ ಒಂದೂವರೆ ಲೀಟರ್ ಮೂತ್ರ ಇಳಿಯಿತು. ಆರೋಗ್ಯವಂತರ ಮೂತ್ರಕೋಶದಲ್ಲಿ ಹಿಡಿಯುವುದು 400ರಿಂದ 500 ಮಿಲಿಲೀಟರ್. ಮೂತ್ರ ಒಮ್ಮೆಲೇ ಕಟ್ಟಿದರೆ ಮನುಷ್ಯ ನೋವಿನಿಂದ ಒದ್ದಾಡುತ್ತಾನೆ. ಗಂಡಸರ ಮೂತ್ರದ ದಾರಿಯನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿ ಊದಿ ತಿಂಗಳುಗಟ್ಟಲೆ ಮೂತ್ರ ಸ್ವಲ್ಪಸ್ವಲ್ಪವೇ ಉಳಿಯುತ್ತಾ ಹೋದರೆ ಮೂತ್ರಕೋಶ ಹಿಗ್ಗಿಕೊಂಡು ಸುಮ್ಮನಾಗುತ್ತದೆ. ಅವರ ಮೂತ್ರಪಿಂಡಗಳು ಆಗಲೇ ಸೋಲುತ್ತಿದ್ದವು. ಇನ್ನೆರಡು ತಿಂಗಳು ತಡೆದಿದ್ದರೆ ಡಯಾಲಿಸಿಸ್‌ವರೆಗೆ ಹೋಗುತ್ತಿತ್ತೇನೋ.

ಅಂದಿನಿಂದ ನಾನು ನೋವನ್ನು ಕೇಳುವುದಕ್ಕಿಂತ ಮೊದಲು ಕೇಳುವುದು, ಇದು ಬಂದು ಹೋಗುತ್ತದೆಯೋ, ಬಂದದ್ದು ಅಲ್ಲೇ ಉಳಿದಿದೆಯೋ ಎಂದು. ಊಟದೊಂದಿಗೆ, ಮಲವಿಸರ್ಜನೆಯೊಂದಿಗೆ ಏರಿಳಿಯುವ ಆಟ ಬಹುತೇಕ ಕರುಳಿನದು. ದಿನವೂ ಇರುವ, ವಾರದಿಂದ ವಾರಕ್ಕೆ ಹೆಚ್ಚುವ ಭಾರ ಬೇರೆಯೇ ಮಾತು. ಐವತ್ತು ದಾಟಿದ ಹೆಂಗಸರಲ್ಲಿ ಹೊಸದಾಗಿ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಸಾಕೆನಿಸುವುದು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಎರಡು ಮೂರು ವಾರವಾದರೂ ಬಿಡದಿದ್ದರೆ ಗ್ಯಾಸ್ ಮಾತ್ರೆ ನುಂಗುತ್ತಾ ಕೂರದೆ ಅಂಡಾಶಯದ ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ. ಅಂಡಾಶಯದ ಕ್ಯಾನ್ಸರ್ ಶುರುವಿನಲ್ಲಿ ಹೀಗೆಯೇ, ಸದ್ದಿಲ್ಲದೆ ಬರುತ್ತದೆ. ನಿಂತಾಗ ತೊಡೆಸಂದಿಯಲ್ಲಿ ಉಬ್ಬಿ ಮಲಗಿದಾಗ ಮಾಯವಾಗುವ ಊತ ಹರ್ನಿಯಾ ಇರಬಹುದು. ಅದು ಒಳಗೆ ಹೋಗದೆ ಗಟ್ಟಿಯಾಗಿ, ನೋವು ವಾಂತಿ ಶುರುವಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು.

ಆ 42ರ ಹೆಣ್ಣುಮಗಳಿಗೆ ಎರಡು ವಾರ ಬರೆದಿಡಲು ಹೇಳಿದ್ದೆ. ಕ್ಯಾಲೆಂಡರಿನ ಹಳೆಯ ಹಾಳೆಯ ಬೆನ್ನಿಗೆ ಬರೆದು ತಂದರು: ಎಷ್ಟು ಹೊತ್ತಿಗೆ, ಏನು ತಿಂದ ಮೇಲೆ, ಎಷ್ಟು ಹೊತ್ತು. ಬೆಳಿಗ್ಗೆ ದೊಡ್ಡ ಲೋಟದಲ್ಲಿ ಹಾಲು ಕುಡಿದ ದಿನಗಳಲ್ಲೆಲ್ಲ ಹತ್ತು ಗಂಟೆಯ ಹೊತ್ತಿಗೆ ಮಗು ಆಡಿತ್ತು. ಹಾಲನ್ನು ಮಜ್ಜಿಗೆಗೆ ಬದಲಿಸೋಣ ಎಂದೆ.

ಎದ್ದು ನಿಂತವರು ಹೊರಡಲಿಲ್ಲ. ಹೊರಗೆ ಹೋಗಿ ಅತ್ತೆಯ ಕೈಹಿಡಿದು ಕರೆತಂದರು. "ಹೇಳಿ ಅತ್ತೆ, ಡಾಕ್ಟರು ಏನೂ ಅಂದುಕೊಳ್ಳುವುದಿಲ್ಲ." ಆ ತಾಯಿ ಸೆರಗು ಸರಿಮಾಡಿಕೊಂಡು ನೆಲ ನೋಡುತ್ತಾ ಹೇಳಿದರು: ಸಂಜೆಯಾಗುತ್ತಲೇ ಕೆಳಹೊಟ್ಟೆ ಕೆಳಕ್ಕೆ ಜಗ್ಗುತ್ತದೆ, ಮಲಗಿದರೆ ಹಗುರ, ನೋವಿಲ್ಲವಲ್ಲ ಎಂದು ಎಂಟು ವರ್ಷ ಸುಮ್ಮನಿದ್ದೆ. ಗರ್ಭಕೋಶ ಜಾರಿತ್ತು. ಶಸ್ತ್ರಚಿಕಿತ್ಸೆಯೇ ಆಗಬೇಕೆಂದಿಲ್ಲ, ಒಳಗೆ ಕೂರಿಸುವ ರಿಂಗ್ ಇದೆ, ಕೆಳಭಾಗದ ಸ್ನಾಯುಗಳಿಗೆ ವ್ಯಾಯಾಮವಿದೆ ಎಂದು ವಿವರಿಸಿ ಸ್ತ್ರೀರೋಗ ತಜ್ಞೆಗೆ ಚೀಟಿ ಬರೆದುಕೊಟ್ಟೆ. ಸೊಸೆ ಅದನ್ನು ಮಡಚಿ ಕ್ಯಾಲೆಂಡರ್ ಹಾಳೆಯ ಜೊತೆ ಪರ್ಸಿನೊಳಗೆ ಇಟ್ಟುಕೊಂಡರು.