ಘಾಟಿಯಲ್ಲಿ ಡ್ರೈವರ್‌ಗೆ ಯಾಕೆ ವಾಂತಿ ಬರುವುದಿಲ್ಲ?

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ನನ್ನ ತಂಗಿಯ ಮಗನ ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರ್ ಇರಲೇಬೇಕಿತ್ತು. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮುಖ ಬಿಳಚಿಕೊಳ್ಳುತ್ತಿತ್ತು. ‘ಪಿತ್ತ ಜಾಸ್ತಿ’ ಎನ್ನುತ್ತಿದ್ದರು ಮನೆಯವರು. ಹದಿನೆಂಟು ತುಂಬಿತು, ಲೈಸೆನ್ಸ್ ಸಿಕ್ಕಿತು. ಅದೇ ಘಾಟಿ, ಅದೇ ಹೊಟ್ಟೆ. ಸ್ಟೀರಿಂಗ್ ಮಾತ್ರ ಈಗ ಅವನ ಕೈಯಲ್ಲಿದೆ. ಒಂದು ದಿನವೂ ವಾಂತಿಯಾಗಿಲ್ಲ. ಹಾಗಾದರೆ ಪಿತ್ತ ಎಲ್ಲಿ ಹೋಯಿತು?

ಏನೂ ತಪ್ಪು ಮಾಡದ ಹೊಟ್ಟೆಯನ್ನು ನಾವು ಸುಮ್ನೆ ದೂರುತ್ತಾ ಬಂದಿದ್ದೇವೆ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಕಿವುಡರನ್ನು ಗಿರಗಿರ ತಿರುಗಿಸಿ ಪರೀಕ್ಷಿಸಿದ ವಿಷಯವನ್ನು 1882ರಲ್ಲೇ ಬರೆದರು. ಅವರಲ್ಲಿ ಎಷ್ಟೋ ಮಂದಿಗೆ ತಲೆ ಸುತ್ತಲೇ ಇಲ್ಲ. ದೇಹದ ಚಲನೆಯನ್ನು ಅಳೆಯುವ ಅಂಗ ಇರುವುದು ಒಳಕಿವಿಯಲ್ಲಿ. ಅದರ ಲೆಕ್ಕ ನೋಡುವುದು ಮಿದುಳು.

ಒಂದು ಚಿಕ್ಕ ಪ್ರಯೋಗ ಮಾಡಿ. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರ ಹೊರ ಅಂಚನ್ನು ರೆಪ್ಪೆಯ ಮೇಲಿಂದಲೇ ಬೆರಳಲ್ಲಿ ಮೆಲ್ಲಗೆ ಒತ್ತಿ. ಗೋಡೆ ಅಲುಗಿತು, ಅಲ್ವಾ? ಈಗ ಬೆರಳು ತೆಗೆದು ಕಣ್ಣನ್ನು ಆಚೀಚೆ ಹೊರಳಿಸಿ. ಗೋಡೆ ಅಲುಗುವುದಿಲ್ಲ. ಎರಡು ಸಲವೂ ಕಣ್ಣೊಳಗಿನ ಚಿತ್ರ ಸರಿದಿದೆ. ಆದರೆ ಎರಡನೇ ಸಲ ಕಣ್ಣಿನ ಸ್ನಾಯುವಿಗೆ ಆಜ್ಞೆ ಕೊಟ್ಟದ್ದು ಮಿದುಳು. ಆಜ್ಞೆ ಕಳಿಸುವಾಗ ಅದು ಒಂದು ನಕಲನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ.

ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಇದ್ದಂತೆ. ಚೀಟಿ ಬರೆದು ಕೊಡುತ್ತಾನೆ, ಅಡಿಯ ಕಾರ್ಬನ್ ಪ್ರತಿ ಅವನಲ್ಲೇ ಉಳಿಯುತ್ತದೆ. ಸಂಜೆ ಕಾಫಿ ಮೂಟೆ ಬಂದಾಗ ತಾಳೆ ನೋಡುತ್ತಾನೆ. ಸರಿಯಿದ್ದರೆ ಮಾತಿಲ್ಲ, ತಪ್ಪಿದರೆ ಗಲಾಟೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬಾರದಿರುವುದೂ ಇದೇ ನಕಲಿನಿಂದ. ಕರೆಂಟ್ ಹೋದಾಗ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟು ಎದೆ ಧಸಕ್ಕೆನ್ನುತ್ತದಲ್ಲ, ಅದು ತಾಳೆ ತಪ್ಪಿದ ಕ್ಷಣ. 1950ರಲ್ಲಿ ಫಾನ್ ಹೋಲ್ಸ್ಟ್ ಮತ್ತು ಮಿಟೆಲ್‌ಷ್ಟೆಟ್ ಎಂಬ ಜರ್ಮನ್ ವಿಜ್ಞಾನಿಗಳು ಇದನ್ನು ಒಂದು ನೊಣದಲ್ಲಿ ತೋರಿಸಿದರು. ಅದರ ತಲೆಯನ್ನು ತಲೆಕೆಳಗಾಗಿ ತಿರುಗಿಸಿ ಅಂಟಿಸಿದರು. ಲೆಕ್ಕವೆಲ್ಲ ತಿರುವುಮುರುವಾಗಿ, ಪಾಪ, ನೊಣ ಸುತ್ತುತ್ತಲೇ ಇತ್ತು.

ಡ್ರೈವರ್ ಸ್ಟೀರಿಂಗ್ ತಿರುಗಿಸುವ ಮೊದಲೇ ಅವನ ಮಿದುಳಿನಲ್ಲಿ ತಿರುವಿನ ನಕಲಿದೆ. ಹಿಂದೆ ಕೂತವನಲ್ಲಿ ಅದಿಲ್ಲ. ತಾಳೆ ತಪ್ಪುತ್ತದೆ, ಹೊಟ್ಟೆ ತೊಳಸುತ್ತದೆ.

ಕಾರಿನ ಮೋಹ ಬರೀ ಶೋಕಿ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ನಾವು ಕೊಟ್ಟ ಆಜ್ಞೆಯಂತೆ ತಕ್ಷಣ ನಡೆಯುವುದನ್ನೆಲ್ಲ ಮಿದುಳು ನಮ್ಮ ಮೈಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಹೆಂಗಸರಿಗೆ ತಮ್ಮ ಹ್ಯಾಟಿನ ಗರಿಯ ತುದಿ ಎಲ್ಲಿದೆಯೆಂದು ನೋಡದೆಯೇ ತಿಳಿಯುತ್ತದೆ ಎಂದು ಇಂಗ್ಲೆಂಡಿನ ವೈದ್ಯರಾದ ಹೆಡ್ ಮತ್ತು ಹೋಮ್ಸ್ 1911ರಲ್ಲೇ ಬರೆದಿದ್ದರು. 1996ರಲ್ಲಿ ಜಪಾನಿನ ಇರಿಕಿ ಮತ್ತು ಜೊತೆಗಾರರು ಕೋತಿಗಳಿಗೆ ಕುಂಟೆಯಂಥ ಕೋಲಿನಿಂದ ತಿಂಡಿ ಎಳೆದುಕೊಳ್ಳಲು ಕಲಿಸಿದರು. ಕೈಯ ಸುತ್ತಲ ಜಾಗಕ್ಕೆ ಸ್ಪಂದಿಸುತ್ತಿದ್ದ ನರಕೋಶಗಳು ಈಗ ಕೋಲಿನ ತುದಿಯವರೆಗೂ ಸ್ಪಂದಿಸತೊಡಗಿದವು. ಕೋಲನ್ನು ಸುಮ್ನೆ ಹಿಡಿದುಕೊಂಡಾಗ ಹಾಗಾಗಲಿಲ್ಲ. ಬಳಸಬೇಕು.

ನಮ್ಮ ಜೀಪ್ ಡ್ರೈವರ್‌ಗಳನ್ನು ನೋಡಿ. ಜುಲೈ ಮಳೆಯಲ್ಲಿ, ತೋಟದ ಕೆಸರು ದಾರಿಯಲ್ಲಿ, ಹಿಂದಿನ ಟೈರ್ ಎಲ್ಲಿ ಜಾರುತ್ತಿದೆ ಎಂದು ಅವರಿಗೆ ಬೆನ್ನಲ್ಲೇ ಗೊತ್ತಾಗುತ್ತದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವಿಟ್ಟು ಪೂಜಿಸುವ ಊರಿನವರಿಗೆ, ಆಯುಧ ಕೈಯ ಮುಂದುವರಿಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಳೆದ ಹಬ್ಬಕ್ಕೆ ಅದೇ ಹುಡುಗ ಬೆಂಗಳೂರಿನಿಂದ, ಕಣ್ಣಿಗೆ ಕಟ್ಟಿಕೊಂಡರೆ ಸುತ್ತಲೂ ಕಂಪ್ಯೂಟರಿನ ಲೋಕ ಕಾಣಿಸುವ ವಿಆರ್ ಹೆಡ್‌ಸೆಟ್ ತಂದಿದ್ದ. ಜಗುಲಿಯಲ್ಲಿ ಕೂತ ಅಜ್ಜಿ ಅದನ್ನು ಹಾಕಿಕೊಂಡು ತಲೆ ತಿರುಗಿಸಿದರು. ನೋಟವೂ ತಿರುಗಿತು. ಕೂಡಲೇ ಎರಡೂ ಕೈಯಲ್ಲಿ ಕುರ್ಚಿ ಹಿಡಿದರು. ಅದು ಚಿತ್ರದ ಅಂದಕ್ಕೆ ಆದ ಮೋಡಿಯಲ್ಲ. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ಚಾವಣಿಯಿಂದ ತೂಗುಬಿಟ್ಟ ಹೆಡ್‌ಸೆಟ್‌ನಲ್ಲಿ ಕಾಣುತ್ತಿದ್ದದ್ದು ಬರೀ ಗೆರೆಗಳ ಆಕೃತಿ. ಆದರೆ ತಲೆ ತಿರುಗಿದಂತೆ ಅದರ ನೋಟವೂ ಬದಲಾಗುತ್ತಿತ್ತು. ಅಷ್ಟು ಸಾಕು. ಇವತ್ತಿನ ಎಂಜಿನಿಯರ್‌ಗಳು ತಲೆಗೂ ಚಿತ್ರಕ್ಕೂ ನಡುವಿನ ವಿಳಂಬವನ್ನು ಸುಮಾರು 20 ಮಿಲಿಸೆಕೆಂಡಿನೊಳಗೆ ಇಡಲು ಒದ್ದಾಡುವುದೂ ತಾಳೆ ತಪ್ಪಬಾರದೆಂದೇ.

ಆಮೇಲೆ ಹುಡುಗ ರೇಸ್ ಆಟ ಹಾಕಿಕೊಂಡ. ಹತ್ತು ನಿಮಿಷಕ್ಕೆ ಹಳೆಯ ಬಿಳಚು ಮುಖ! ಕಣ್ಣು ‘ತಿರುವು’ ಎನ್ನುತ್ತಿದೆ, ಒಳಕಿವಿ ‘ಕುರ್ಚಿ’ ಎನ್ನುತ್ತಿದೆ. ಕೈಯಲ್ಲಿ ಸ್ಟೀರಿಂಗ್ ಇದ್ದರೂ ಒಳಕಿವಿಯನ್ನು ಒಪ್ಪಿಸಲಾಗಲಿಲ್ಲ.

ಘಾಟಿಯಲ್ಲಿ ಇನ್ನೊಂದು ವಿಷಯ ಗಮನಿಸಿ. ತಿರುವು ಬಂದಾಗ ಡ್ರೈವರ್ ತಲೆಯನ್ನು ತಿರುವಿನ ಒಳಕ್ಕೆ ವಾಲಿಸುತ್ತಾನೆ, ಉಳಿದವರ ತಲೆ ಹೊರಕ್ಕೆ ವಾಲುತ್ತದೆ. ಮುಂದಿನ ಸಲ ಸಂಪಾಜೆಗೆ ಇಳಿಯುವಾಗ ಮುಂದಿನ ಸೀಟಿನಲ್ಲಿ ಕೂತು, ದಾರಿ ನೋಡುತ್ತಾ, ಡ್ರೈವರ್ ಜೊತೆಗೇ ತಲೆ ಒಳಕ್ಕೆ ವಾಲಿಸಿ ನೋಡಿ. ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ.