ಊಟ ಹಾಕಿದ್ದೀನಿ ಅಂದ ಮಾತ್ರಕ್ಕೆ ಪಗಾರ ಕಡಿಮೆ ಆಗುವುದಿಲ್ಲ

"ಎರಡೊತ್ತು ಊಟ ಹಾಕ್ತೀನ್ರೀ ವಕೀಲ್ರೇ, ಇರಾಕ ಖೋಲಿ ಕೊಟ್ಟೀನಿ, ಮತ್ತ ಪೂರಾ ಪಗಾರ ಎಲ್ಲಿಂದ ಕೊಡ್ಲಿ?" ಕಲಬುರಗಿಯಲ್ಲಿ ಹೋಟೆಲ್, ಖಾನಾವಳಿ, ದಾಲ್ ಮಿಲ್ ಮಾಲಕರಿಂದ ನಾನು ಜಾಸ್ತಿ ಕೇಳಿದ ಮಾತು ಇದು. ಸುಮ್ನೆ ನೆಪ ಹೇಳುವವರೂ ಇದ್ದಾರೆ, ನಿಜವಾಗಿಯೂ ಹಾಗೇ ನಂಬಿದವರೂ ಇದ್ದಾರೆ. ಆದರೆ ಕಾನೂನಿನ ಲೆಕ್ಕ ಬೇರೆ ಕಡೆಯಿಂದ ಶುರುವಾಗುತ್ತದೆ.

ಮೊದಲು ಕನಿಷ್ಠ ವೇತನ ಪೂರ್ತಿಯಾಗಿ ಪಗಾರದ ಪುಸ್ತಕದಲ್ಲಿ ಬರಬೇಕು, ಮೂಲ ವೇತನದ ಜೊತೆ ನಮ್ಮ ರಾಜ್ಯದಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುವ ತುಟ್ಟಿಭತ್ಯೆಯೂ ಸೇರಿ. ಕಡಿತದ ಮಾತು ಆಮೇಲೆ. ಈಗ ಇರುವುದು 2019ರ ವೇತನ ಸಂಹಿತೆ ಎಂಬ ಕಾನೂನು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ವಸತಿಗೆ ದುಡ್ಡು ಹಿಡಿಯಲು ಅವಕಾಶ ಇದೆ. ಬೇರೆ ಸೌಲಭ್ಯಗಳಿಗೆ ಹಿಡಿಯಬೇಕಾದರೆ ಸರ್ಕಾರದ ಅನುಮತಿ ಬೇಕು, ಅದೂ ಆ ಸೌಲಭ್ಯದ ಬೆಲೆಗಿಂತ ಜಾಸ್ತಿ ಹಿಡಿಯುವಂತಿಲ್ಲ. ಎಲ್ಲ ಕಡಿತ ಸೇರಿ ವೇತನದ ಅರ್ಧ ದಾಟಬಾರದು. ಹಾಗಂತ ಅರ್ಧದ ತನಕ ಏನು ಬೇಕಾದರೂ ಹಿಡಿಯಬಹುದು ಅಂದುಕೊಂಡ ಮಾಲಕರನ್ನು ಕಂಡಿದ್ದೇನೆ. ಅದು ತಪ್ಪು, ಒಂದೊಂದು ಕಡಿತಕ್ಕೂ ಕಾನೂನಿನಲ್ಲಿ ಜಾಗ ಇರಬೇಕು.

ಸುರಪುರ ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದ. ಇಲ್ಲಿಯ ಹೋಟೆಲೊಂದರಲ್ಲಿ ಕೆಲಸ, ಮೇಲೆ ಒಂದು ಖೋಲಿಯಲ್ಲಿ ಆರು ಜನ. ಆ ಖೋಲಿಯ ಬಾಡಿಗೆ ತಿಂಗಳಿಗೆ 3,000. ಹಿಡಿಯುತ್ತಿದ್ದದ್ದು ತಲೆಗೆ 1,500, ಅಂದರೆ ಒಟ್ಟು 9,000! ಊರ ಜಾತ್ರೆಗೆ ಅಂತ ಎಂಟು ದಿನ ಹೋಗಿದ್ದನಲ್ಲ, ಆ ಎಂಟು ದಿನದ ಊಟದ ದುಡ್ಡನ್ನೂ ಬಿಟ್ಟಿರಲಿಲ್ಲ. ಹುಡುಗ ಊರಲ್ಲಿದ್ದಾಗ ಹಾಕದ ಊಟಕ್ಕೆ ಬೆಲೆ ಎಲ್ಲಿಂದ ಬಂತು? ಇದನ್ನು ಕೇಳಿದಾಗ ನನಗೆ ಬಹಳ ನೋವಾಯಿತು.

"ಅವನು ಒಪ್ಪಿಯೇ ಬಂದಾನ್ರೀ" ಅಂದರು ಮಾಲಕರು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಕಾರ್ಮಿಕ ಒಪ್ಪಿ ಸಹಿ ಹಾಕಿದರೂ ಆ ಒಪ್ಪಂದ ನಿಲ್ಲುವುದಿಲ್ಲ. ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಯ ಕೂಲಿಗಳ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕಿಂತ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಹೇಳಿದೆ. ಹಸಿವು ಕೂಡ ಬಲವಂತವೇ ಅಲ್ವಾ?

ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟು. ವೇತನ ಚೀಟಿ ಕೇಳಿ, ಅದನ್ನು ಕೊಡಲೇಬೇಕು. ಕೊಡದಿದ್ದರೆ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಹಾಜರಿ, ರಜೆ, ಕೈಗೆ ಬಂದ ದುಡ್ಡು, ಯಾವುದಕ್ಕೆ ಎಷ್ಟು ಹಿಡಿದರು, ಎಲ್ಲ ತಾರೀಖಿನ ಸಮೇತ ಬರೆದಿಡಿ. ಮೊದಲು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ಈಗ ಮೂರು ವರ್ಷದ ತನಕ ಕಾಲಾವಕಾಶ ಇದೆ. ಅರ್ಜಿ ವಿಚಾರಿಸುವ ಅಧಿಕಾರಿಗೆ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ಪುಸ್ತಕ ಎಲ್ಲ ಮಾಲಕರ ಕೈಯಲ್ಲಿದೆಯಲ್ಲ ಅಂತ ಹೆದರಿ ಸುಮ್ಮನಾಗಬೇಡಿ. ಪಗಾರ ಪೂರಾ ಕೊಟ್ಟಿದ್ದೇನೆ ಎಂದು ತೋರಿಸುವ ಹೊಣೆ ಅವರದ್ದೇ.